ಹೆಡ್‌ಫೋನ್‌ಗಳ ಜೋಪಾನ: ಧೂಳು, ಬೆವರು, ಬಿಸಿಲಿನ ಸೀಮೆಯಲ್ಲಿ ಬಾಳಿಕೆಯ ಲೆಕ್ಕ

ವ್ಯಾಪಾರಸ್ಥನು ತನ್ನ ತಕ್ಕಡಿಯನ್ನು ದಿನವೂ ಒರೆಸಿಡುತ್ತಾನೆ. ನೇಕಾರನು ಮಗ್ಗದಿಂದ ಏಳುವ ಮುನ್ನ ಅದರ ಮೇಲಿನ ಧೂಳು ಝಾಡಿಸುತ್ತಾನೆ. ದುಡಿಯುವ ಉಪಕರಣವನ್ನು ಜೋಪಾನ ಮಾಡುವುದು ಬಾಗಲಕೋಟೆ ಜಿಲ್ಲೆಯ ಉದ್ಯಮಗಳಿಗೆ ಹೊಸ ಪಾಠವೇನಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಅಂಗಡಿಯ ಗಲ್ಲೆಯ ಪಕ್ಕಕ್ಕೂ ಕಚೇರಿಯ ಮೇಜಿನ ಮೇಲಕ್ಕೂ ಬಂದು ಸೇರಿರುವ ಹೆಡ್‌ಫೋನ್ ಎಂಬ ಸಣ್ಣ ಸಾಧನಕ್ಕೆ ಈ ಶಿಸ್ತು ಇನ್ನೂ ಅನ್ವಯವಾಗಿಲ್ಲ. ಕೆಟ್ಟರೆ ಇನ್ನೊಂದು ಕೊಂಡರಾಯಿತು ಎಂಬ ಧೋರಣೆಯೇ ಎಲ್ಲೆಡೆ ಕಂಡುಬರುತ್ತದೆ.

ಇಳಕಲ್ಲಿನ ಸೀರೆ ವ್ಯಾಪಾರಿಗೆ ದೂರದೂರಿನ ಗ್ರಾಹಕರಿಗೆ ವಿಡಿಯೊ ಕರೆಯಲ್ಲಿ ಸೆರಗು ತೋರಿಸುವಾಗ, ಬಾದಾಮಿಯ ವಸತಿಗೃಹದವರಿಗೆ ಕೋಣೆ ಕಾಯ್ದಿರಿಸುವ ಕರೆ ಸ್ವೀಕರಿಸುವಾಗ, ಹುನಗುಂದದ ಕಾಳುಕಡಿ ವರ್ತಕರಿಗೆ ದರ ವಿಚಾರಿಸುವಾಗ, ಬಾಗಲಕೋಟೆಯ ಲೆಕ್ಕಪತ್ರ ಕಚೇರಿಗೆ ದೂರಸಭೆ ನಡೆಸುವಾಗ ಹೆಡ್‌ಫೋನ್ ಉಪಯುಕ್ತ ಸಾಧನ. ಕರೆಯ ನಡುವೆ ಒಂದು ಕಿವಿಯ ಧ್ವನಿ ನಿಂತುಹೋದರೆ ಕೇವಲ ಕಿರಿಕಿರಿಯಾಗುವುದಿಲ್ಲ. ಮೀಟರಿನ ಲೆಕ್ಕವೋ ಕ್ವಿಂಟಲಿನ ದರವೋ ತಪ್ಪಾಗಿ ಕೇಳಿಸಿದರೆ ವ್ಯವಹಾರಕ್ಕೇ ನಷ್ಟ. ಆದುದರಿಂದ ಇದರ ಆರೈಕೆಯ ಕ್ರಮವನ್ನು ತಿಳಿದಿರುವುದು ಲೇಸು.

ಒಳಗಿನ ರಚನೆ

ಸಾಮಾನ್ಯ ಹೆಡ್‌ಫೋನಿನ ಒಳಗೆ ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ತೂಗುವ ತೆಳುವಾದ ತಾಮ್ರದ ಸುರುಳಿ, ಆ ಸುರುಳಿಗೆ ಅಂಟಿಸಿದ ಪ್ಲಾಸ್ಟಿಕ್ ಪೊರೆ ಇರುತ್ತವೆ. ವಿದ್ಯುತ್ ಸಂಕೇತ ಹರಿದಾಗ ಸುರುಳಿ ಹಿಂದೆ ಮುಂದೆ ಚಲಿಸಿ ಪೊರೆಯನ್ನು ಕಂಪಿಸುತ್ತದೆ. ಆ ಕಂಪನವೇ ಧ್ವನಿ. ಸುರುಳಿಗೂ ಅಯಸ್ಕಾಂತಕ್ಕೂ ನಡುವಿನ ಅಂತರ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅಷ್ಟು ಸಣ್ಣ ಸಂದಿನಲ್ಲಿ ಒಂದು ಕಣ ಸಿಕ್ಕಿಕೊಂಡರೂ ಧ್ವನಿ ಕರಕರ ಎನ್ನತೊಡಗುತ್ತದೆ. ವಾಸ್ತವವಾಗಿ ಈ ಭಾಗಗಳು ವರ್ಷಗಟ್ಟಲೆ ಬಾಳಬಲ್ಲವು. ಮೊದಲು ಕೆಡುವುದು ಹೊರಗಿನ ಭಾಗಗಳು: ವೈರು, ಪಿನ್ನು, ಕಿವಿಯ ಮೆತ್ತೆ, ಜಾಲರಿ ಮತ್ತು ಬ್ಯಾಟರಿ. ಇವೆಲ್ಲವೂ ಬಳಸುವವರ ಕೈಯಲ್ಲಿರುವ ಭಾಗಗಳೆಂಬುದನ್ನು ಗಮನಿಸಬೇಕು.

ಸ್ಥಳೀಯ ಸಮಸ್ಯೆಗಳು

ಈ ಜಿಲ್ಲೆಯಲ್ಲಿ ಧೂಳು ಒಂದೇ ಬಗೆಯದಲ್ಲ. ಹುನಗುಂದದ ಸುತ್ತ ಎರೆಮಣ್ಣಿನ ನುಣ್ಣನೆಯ ಧೂಳು. ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಪುಡಿ. ಮಗ್ಗಗಳಿರುವಲ್ಲಿ ಗಾಳಿಯಲ್ಲಿ ತೇಲುವ ನೂಲಿನ ಎಳೆ. ಇಳಕಲ್ಲಿನ ಗ್ರಾನೈಟ್ ಘಟಕಗಳಲ್ಲಿ ಕಲ್ಲಿನ ಪುಡಿಯೊಂದಿಗೆ ಯಂತ್ರಗಳಿಂದ ಸವೆದು ಬಿದ್ದ ಉಕ್ಕಿನ ಕಣ. ನೂಲಿನ ಎಳೆ ಜಾಲರಿಯನ್ನು ಮುಚ್ಚುತ್ತದೆ. ಉಕ್ಕಿನ ಕಣವಾದರೋ ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಒಳಕ್ಕೇ ಹೋಗಿ ಪೊರೆಗೆ ತಾಗುತ್ತದೆ. ಕಲ್ಲು ಕೊಯ್ಯುವ ಅಥವಾ ಕಬ್ಬಿಣ ಉಜ್ಜುವ ಜಾಗದಲ್ಲಿ ಹೆಡ್‌ಫೋನನ್ನು ತೆರೆದಿಡದೆ ಮುಚ್ಚಳವಿರುವ ಡಬ್ಬಿಯಲ್ಲಿಡುವುದು ಅತಿ ಅಗತ್ಯ.

ಬೆವರಿನಲ್ಲಿರುವ ಉಪ್ಪು ಲೋಹದ ಸಂಪರ್ಕಬಿಂದುಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಕೃತಕ ಚರ್ಮದ ಮೆತ್ತೆ ಬೆವರು ಮತ್ತು ತೇವದಿಂದಾಗಿ ಬಿರುಕುಬಿಟ್ಟು ಹೊಪ್ಪಳಿಕೆಯಾಗಿ ಉದುರುತ್ತದೆ. ಬಿಸಿಲಿನ ತಾಪ ಬ್ಯಾಟರಿಯ ಆಯುಷ್ಯವನ್ನು ಕುಂದಿಸುತ್ತದೆ.

ಡಬ್ಬಿಯ ಮೇಲೆ 'ಐಪಿಎಕ್ಸ್4' ಎಂದು ಮುದ್ರಿತವಾಗಿದ್ದರೆ ಅದು ನೀರಿನ ಎರಚಲನ್ನು ತಡೆಯುತ್ತದೆ ಎಂದಷ್ಟೇ ಅರ್ಥ. ನಡುವಿನ 'ಎಕ್ಸ್' ಅಕ್ಷರವು ಧೂಳಿನ ವಿಷಯದಲ್ಲಿ ಯಾವ ಶ್ರೇಣಿಯನ್ನೂ ನೀಡಿಲ್ಲವೆಂಬುದರ ಸೂಚನೆ. 'ಐಪಿ54' ಅಥವಾ 'ಐಪಿ55' ಎಂದಿದ್ದರೆ ಮೊದಲ ಅಂಕಿ 5 ಧೂಳಿನಿಂದ ರಕ್ಷಣೆಯನ್ನು ಸೂಚಿಸುತ್ತದೆ. ಈ ಸೀಮೆಯಲ್ಲಿ ಕೊಳ್ಳುವವರು ಎರಡನೆಯ ಅಂಕಿಗಿಂತ ಮೊದಲನೆಯದನ್ನು ನೋಡುವುದು ಜಾಣತನ.

ಶುಚಿಗೊಳಿಸುವ ಕ್ರಮ

ಪ್ರತಿದಿನ ಬಳಕೆಯ ನಂತರ ಒಣಗಿದ ಮೆತ್ತನೆಯ ಬಟ್ಟೆಯಿಂದ ಬೆವರನ್ನು ಒರೆಸಬೇಕು. ವಾರಕ್ಕೊಮ್ಮೆ ರಬ್ಬರಿನಂತಹ ಸಿಲಿಕೋನ್ ತುದಿಗಳನ್ನು ಕಳಚಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಬಳಿಕವೇ ಮರಳಿ ಹಾಕಬೇಕು. ಜಾಲರಿಯನ್ನು ಕೆಳಮುಖವಾಗಿ ಹಿಡಿದು ಒಣ ಮೃದು ಬ್ರಷ್ಷಿನಿಂದ ಉಜ್ಜಿದರೆ ಕೊಳೆ ಹೊರಗೆ ಬೀಳುತ್ತದೆ. ಮೇಲ್ಮುಖವಾಗಿ ಹಿಡಿದರೆ ಅದೇ ಕೊಳೆ ಒಳಗಿಳಿಯುತ್ತದೆ. ಸೂಜಿ ಚುಚ್ಚುವುದು, ಬಾಯಿಯಿಂದ ಊದುವುದು, ಗ್ಯಾರೇಜಿನ ಗಾಳಿಯಂತ್ರ ಹಿಡಿಯುವುದು, ಜಾಲರಿಗೆ ನೀರು ಸೋಕಿಸುವುದು ಇವು ನಾಲ್ಕೂ ಸಲ್ಲದು.

ಚಾರ್ಜಿಂಗ್ ಬಿಂದುಗಳಿಗೆ ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಬಹುದು. ಆದರೆ ಅದೇ ದ್ರವವನ್ನು ಚರ್ಮದ ಮೆತ್ತೆಗೆ ಹಚ್ಚಕೂಡದು. ಅದು ಮೆತ್ತೆಯನ್ನು ಒಣಗಿಸಿ ಬೇಗ ಬಿರಿಯುವಂತೆ ಮಾಡುತ್ತದೆ. ಮೆತ್ತೆಗೆ ಒದ್ದೆ ಮಾಡಿ ಹಿಂಡಿದ ಬಟ್ಟೆಯೇ ಸಾಕು. ಇನ್ನೊಬ್ಬರು ಬಳಸಿದ ಹೆಡ್‌ಫೋನನ್ನು ಒರೆಸದೆ ಹಾಕಿಕೊಳ್ಳುವುದು ಕಿವಿಯ ಆರೋಗ್ಯಕ್ಕೆ ಹಿತವಲ್ಲ. ಪಾಳಿಯಲ್ಲಿ ದುಡಿಯುವ ಕಚೇರಿಗಳಲ್ಲಿ ಒಬ್ಬರಿಗೊಂದು ಜೊತೆ ಮೆತ್ತೆ ಇರಿಸುವುದು ಉತ್ತಮ.

ವೈರು ಮತ್ತು ಪಿನ್ನು

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗುವ ಎಳೆ ಅಲ್ಲಿಯೇ ಹರಿಯುತ್ತದೆ ಎಂಬುದು ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೈರು ಮುರಿಯುವುದು ಬಹುಪಾಲು ಪಿನ್ನಿನ ಕೊರಳಿನಲ್ಲಿ ಅಥವಾ ಕಿವಿಯ ಬುಡದಲ್ಲಿ. ಕೀಳುವಾಗ ವೈರನ್ನು ಎಳೆಯದೆ ಪಿನ್ನನ್ನೇ ಹಿಡಿಯಬೇಕು; ಮೊಬೈಲಿಗೆ ಬಿಗಿಯಾಗಿ ಸುತ್ತದೆ ಸಡಿಲವಾದ ದೊಡ್ಡ ಸುರುಳಿಯಾಗಿ ಇಡಬೇಕು.

ಒಂದು ಕಿವಿಯಲ್ಲಿ ಧ್ವನಿ ನಿಂತರೆ ಎಸೆಯುವ ಮೊದಲು ಮೂರು ಪರೀಕ್ಷೆಗಳನ್ನು ಮಾಡಬೇಕು. ಒಂದು, ಬೇರೆ ಮೊಬೈಲಿಗೆ ಸಿಕ್ಕಿಸಿ ನೋಡುವುದು. ಎರಡು, ಮೊಬೈಲನ್ನು ಬಂದ್ ಮಾಡಿ, ಪಿನ್ನು ಕೂರುವ ರಂಧ್ರದಲ್ಲಿ ತುಂಬಿದ ಜೇಬಿನ ನೂಲುಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ಹಗುರವಾಗಿ ತೆಗೆಯುವುದು. ಮೂರು, ಪಿನ್ನಿನ ಕೊರಳನ್ನು ಮೆಲ್ಲನೆ ಹೊರಳಿಸುವುದು. ಆಗ ಧ್ವನಿ ಬಂದು ಹೋದರೆ ವೈರು ಅಲ್ಲಿ ಮುರಿದಿದೆಯೆಂದು ತಿಳಿಯಬೇಕು. ರೇಡಿಯೊ, ಮೊಬೈಲ್ ದುರಸ್ತಿಗಾರರು ಆ ಭಾಗವನ್ನು ಕತ್ತರಿಸಿ ಹೊಸ ಪಿನ್ನು ಬೆಸೆದು ಕೊಡಬಲ್ಲರು. ತಾಮ್ರದ ತೆಳು ಎಳೆಗಳ ಮೇಲೆ ಮೆರುಗಿನ ಲೇಪವಿರುವುದರಿಂದ ಅದನ್ನು ಸುಟ್ಟು ತೆಗೆದ ನಂತರವೇ ಬೆಸುಗೆ ಹಿಡಿಯುತ್ತದೆ; ಈ ಕೆಲಸ ಬಲ್ಲವರ ಕೈಗೇ ಒಪ್ಪಿಸುವುದು ಸೂಕ್ತ.

ಬ್ಯಾಟರಿಯ ಆಯುಷ್ಯ

ಬ್ಲೂಟೂತ್ ಹೆಡ್‌ಫೋನ್‌ಗಳ ಆಯುಷ್ಯ ಬಹುತೇಕ ಅವುಗಳ ಲಿಥಿಯಂ ಬ್ಯಾಟರಿಯ ಆಯುಷ್ಯವೇ ಆಗಿದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವ ಈ ಭಾಗದಲ್ಲಿ, ಬಿಸಿಲಿಗೆ ನಿಲ್ಲಿಸಿ ಗಾಜು ಏರಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿಯನ್ನೂ ಮೀರಬಹುದು. ಸುಮಾರು 45 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಇಂತಹ ಬ್ಯಾಟರಿಗಳನ್ನು ಚಾರ್ಜ್ ಮಾಡಕೂಡದೆಂಬುದು ಸಾಮಾನ್ಯ ಸೂಚನೆ. ಚಾರ್ಜನ್ನು ಶೇಕಡಾ 20ಕ್ಕಿಂತ ಕೆಳಗಿಳಿಸದೆ, ಸಾಧ್ಯವಾದಷ್ಟು 80ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಬಾಳಿಕೆ ಹೆಚ್ಚುತ್ತದೆ. ಬಹಳ ದಿನ ಬಳಸದೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ತಂಪಾದ ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು. ಉಬ್ಬಿದ ಬ್ಯಾಟರಿಯನ್ನು ಬಳಸಲೇಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ವಿಲೇವಾರಿ ಮಾಡುವುದು ಗ್ರಾಹಕರ ಹೊಣೆ.

ಕಿವಿಯ ರಕ್ಷಣೆ

ಜಾಲರಿ ಕಟ್ಟಿಕೊಂಡು ಧ್ವನಿ ಕ್ಷೀಣಿಸಿದಾಗ ಬಳಸುವವರು ಸಹಜವಾಗಿ ಧ್ವನಿಯ ಮಟ್ಟವನ್ನು ಏರಿಸುತ್ತಾರೆ. ಆಗ ಶುಚಿಯಾಗಿರುವ ಕಿವಿಯ ಭಾಗಕ್ಕೆ ಅತಿಯಾದ ಸದ್ದು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಳನ್ನು ಸುರಕ್ಷಿತ ಮಿತಿಯೆಂದು ಸೂಚಿಸಿದೆ. 90 ಡೆಸಿಬಲ್ಲಿನಲ್ಲಿ ಅದು ಕೇವಲ 4 ಗಂಟೆಗೆ ಇಳಿಯುತ್ತದೆ. ಹೀಗಾಗಿ ಬ್ರಷ್ಷಿನ ಎರಡು ನಿಮಿಷದ ಕೆಲಸ ಸಾಧನವನ್ನಷ್ಟೇ ಅಲ್ಲ, ಶ್ರವಣಶಕ್ತಿಯನ್ನೂ ಕಾಯುತ್ತದೆ.

ಕಲ್ಲು ಕೊಯ್ಯುವ ಘಟಕಗಳಲ್ಲಿಯೂ ವಿದ್ಯುತ್ ಮಗ್ಗಗಳ ಶೆಡ್ಡುಗಳಲ್ಲಿಯೂ ಈ ವಿಷಯಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಹಾಡು ಕೇಳುವ ಇಯರ್‌ಫೋನ್ ಕಿವಿಯ ರಕ್ಷಣಾ ಸಾಧನವಲ್ಲ. ಯಂತ್ರದ ಸದ್ದನ್ನು ಮೀರಿಸಲು ಹಾಡಿನ ಸದ್ದನ್ನು ಏರಿಸಿದರೆ ಹಾನಿ ಇಮ್ಮಡಿ. ಅಲ್ಲಿ ಬೇಕಾದುದು ಸದ್ದು ತಡೆಯುವ ಕಿವಿಗವಸು. ಅದರ ಆರೈಕೆಯೂ ಹೆಡ್‌ಫೋನಿನಂತೆಯೇ. ಗವಸಿನ ಮೆತ್ತೆ ಗಟ್ಟಿಯಾದರೆ ಅಥವಾ ಬಿರಿದರೆ ಸಂದಿನ ಮೂಲಕ ಸದ್ದು ನುಗ್ಗುತ್ತದೆ. ತೊಟ್ಟವರು ಮಾತ್ರ ತಾವು ಸುರಕ್ಷಿತರೆಂದು ಭಾವಿಸಿರುತ್ತಾರೆ. ವರ್ಷಕ್ಕೆ ಎರಡು ಬಾರಿಯಾದರೂ ಮೆತ್ತೆ ಬದಲಿಸುವುದು, ತಲೆಪಟ್ಟಿಯನ್ನು ಹಿಗ್ಗಿಸಿ ಸಡಿಲಗೊಳಿಸದಿರುವುದು ಮಾಲೀಕರು ಪಾಲಿಸಬೇಕಾದ ಕ್ರಮ. ಹೆಡ್‌ಫೋನ್ ಕೆಟ್ಟರೆ ಪೇಟೆಯಲ್ಲಿ ಮತ್ತೊಂದು ಸಿಗುತ್ತದೆ. ಸದ್ದಿನಿಂದ ಕಳೆದುಹೋದ ಶ್ರವಣಶಕ್ತಿ ಮರಳುವುದಿಲ್ಲ.

ಖರ್ಚು ಮತ್ತು ಉಳಿತಾಯ

ಉದಾಹರಣೆಗೆ, ಒಂದು ಕಚೇರಿಯಲ್ಲಿ ತಲಾ 1,500 ರೂಪಾಯಿಯ 4 ಹೆಡ್‌ಫೋನ್‌ಗಳಿವೆ ಎಂದಿಟ್ಟುಕೊಳ್ಳಬಹುದು. ವರ್ಷಕ್ಕೊಮ್ಮೆ ಹೊಸದನ್ನು ಕೊಂಡರೆ 3 ವರ್ಷಕ್ಕೆ 18,000 ರೂಪಾಯಿ. ಅವೇ 4 ಹೆಡ್‌ಫೋನ್‌ಗಳನ್ನು 3 ವರ್ಷ ಬಾಳಿಸಿ, ನಡುವೆ ಎರಡು ಬಾರಿ ತಲಾ 300 ರೂಪಾಯಿಯ ಮೆತ್ತೆ ಬದಲಿಸಿದರೆ ಒಟ್ಟು ಖರ್ಚು 8,400 ರೂಪಾಯಿ. ಉಳಿತಾಯ 9,600 ರೂಪಾಯಿ.

ಕೊಳ್ಳುವಾಗಲೇ ಈ ಲೆಕ್ಕವನ್ನು ನೆನಪಿಡಬೇಕು. ಬದಲಿ ಮೆತ್ತೆ ದೊರೆಯುವ, ಕಳಚಬಹುದಾದ ವೈರಿರುವ ಮಾದರಿಯನ್ನು ಆರಿಸುವುದು, ಜಿಎಸ್‌ಟಿ ನಮೂದಿಸಿದ ರಸೀತಿ ಪಡೆದು ವಾರಂಟಿ ಅವಧಿ ಮುಗಿಯುವವರೆಗೆ ಜೋಪಾನವಾಗಿಡುವುದು ಖರೀದಿದಾರರಿಗೆ ಹಿತಕರ. ಮಾರುವ ವರ್ತಕರೂ ಕೂಡ ಹೆಡ್‌ಫೋನಿನ ಜೊತೆಗೆ ಮೆತ್ತೆ, ಸಿಲಿಕೋನ್ ತುದಿ, ಸಣ್ಣ ಬ್ರಷ್ಷುಗಳನ್ನು ದಾಸ್ತಾನು ಮಾಡಿದರೆ ಗ್ರಾಹಕನು ಮತ್ತೆ ಅದೇ ಅಂಗಡಿಗೆ ಬರುವನು. ಸರಿಯಾಗಿ ಮಡಿಸಿ, ಹುಳು ಹತ್ತದಂತೆ ಇಟ್ಟ ಇಳಕಲ್ ಸೀರೆ ತಾಯಿಯಿಂದ ಮಗಳಿಗೆ ಬರುವ ಸೀಮೆಯಿದು. ಹೆಡ್‌ಫೋನಿಗೆ ಅಷ್ಟು ದೀರ್ಘಾಯುಷ್ಯ ದೊರೆಯದು. ಆದರೂ ಒಂದು ವರ್ಷದ ವಸ್ತುವನ್ನು ಮೂರು ವರ್ಷ ಬಾಳಿಸುವುದು ಪ್ರತಿಯೊಬ್ಬ ವರ್ತಕನ ಕೈಯಲ್ಲಿಯೇ ಇದೆ.