ಬಾಣದ ಗುರುತು ಬಂಡಿಗೆ, ಬಂಟನಿಗಲ್ಲ

ವಸ್ತಾರೆ ಕಡೆಯ ರಸ್ತೆಗಳಲ್ಲಿ ಜೀಪುಗಳಿಗೆ ಬರವಿಲ್ಲ. ಕಾಫಿ ಮೂಟೆ, ಗೊಬ್ಬರ, ತೋಟದ ಆಳುಗಳು ಎಲ್ಲವನ್ನೂ ಹೊರುವ ಈ ಗಾಡಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಚಿಕ್ಕಮಗಳೂರು ಆರ್‌ಟಿಓ ಕಚೇರಿಯ ‘ಕೆಎ 18’. ಅಪರೂಪಕ್ಕೆ ಒಂದರ ಗಾಜಿನ ಮೇಲೆ ‘ಮಾಜಿ ಸೈನಿಕ’ ಎಂಬ ಚೀಟಿ ಅಂಟಿರುತ್ತದೆ. ಗಡಿ ಕಾದು ಬಂದವರಿಗೆ ಸರ್ಕಾರವೇ ಒಂದು ಪ್ರತ್ಯೇಕ ನಂಬರ್ ಪ್ಲೇಟು ಕೊಡಬಾರದೇಕೆ?

ಅಮೆರಿಕದಲ್ಲಿ ಕೊಡುತ್ತಾರೆ. ಅಲ್ಲಿನ ರಾಜ್ಯಗಳು ನಿವೃತ್ತ ಯೋಧರಿಗೆ, ಯುದ್ಧದಲ್ಲಿ ಗಾಯಗೊಂಡವರಿಗೆ ಬೇರೆ ಬೇರೆ ಪ್ಲೇಟುಗಳನ್ನೇ ಮಾಡಿವೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಪ್ಲೇಟಿನ ಮೇಲೆ ನೋಂದಣಿ ಸಂಖ್ಯೆಯ ಜೊತೆಗೆ ಹೆಸರು, ಚಿತ್ರ ಬರೆಸುವುದು ನಿಯಮಕ್ಕೆ ವಿರುದ್ಧ. ಹಾಗಾಗಿ ಅಭಿಮಾನವೆಲ್ಲ ಗಾಜಿನ ಚೀಟಿಗೇ ಸೀಮಿತ.

ಹಾಗಾದರೆ ಸೇನೆಯ ಲಾರಿಗಳ ಮೇಲಿನ ಆ ಬಾಣ? ಅದನ್ನು ನೀವೂ ನೋಡಿರಬಹುದು. 1988ರ ಮೋಟಾರು ವಾಹನ ಕಾಯ್ದೆಯ 60ನೇ ಕಲಮಿನ ಪ್ರಕಾರ ರಕ್ಷಣಾ ಕೆಲಸದ ಸರ್ಕಾರಿ ವಾಹನಗಳಿಗೆ ಆರ್‌ಟಿಓ ನಂಬರು ಬೇಕಿಲ್ಲ. ಅವುಗಳ ನೋಂದಣಿಯೇ ಬೇರೆ. ಮೇಲ್ಮುಖವಾದ ಬಾಣ, ಸೇನೆಗೆ ಸೇರಿದ ವರ್ಷದ ಎರಡು ಅಂಕಿ, ಬಳಿಕ ಅಕ್ಷರ ಮತ್ತು ಕ್ರಮಸಂಖ್ಯೆ. ಗಾಡಿ ಮಗುಚಿದರೆ ಮೇಲು ಯಾವುದೆಂದು ತಿಳಿಯಲು ಬಾಣ ಹಾಕಿದ್ದಾರೆ ಎನ್ನುವವರುಂಟು. ಅದರ ಮೂಲ ಇನ್ನೂ ಹಳೆಯದು. ಬ್ರಿಟಿಷ್ ದೊರೆತನದ ಆಸ್ತಿಗೆಲ್ಲ ಬಾಣದ ಮುದ್ರೆ ಒತ್ತುತ್ತಿದ್ದರು. ಅಮೆರಿಕದ ಕಾಡುಗಳಲ್ಲಿ ಹಡಗಿನ ಪಟಸ್ತಂಭಕ್ಕೆಂದು ಕಾದಿರಿಸಿದ ಪೈನ್ ಮರಗಳಿಗೂ ಕೊಡಲಿಯಿಂದ ಅದೇ ಗುರುತು ಕೆತ್ತುತ್ತಿದ್ದರು. ಅಂದರೆ ಬಾಣ ಹೇಳುವುದು ‘ಇದು ಸರ್ಕಾರದ ಸೊತ್ತು’ ಎಂದಷ್ಟೇ. ಸೇನೆಯಿಂದ ಹರಾಜಾಗಿ ತೋಟ ಸೇರುವ ಜೀಪು ಕೂಡ ಬಾಣ ಕಳಚಿಟ್ಟು ಆರ್‌ಟಿಓ ನಂಬರು ಪಡೆಯಬೇಕು. ಯೋಧನಂತೆ ಅದೂ ನಿವೃತ್ತವೇ!

ಮನುಷ್ಯನ ಅಂತಸ್ತನ್ನು ಹೇಳುವುದು ನಕ್ಷತ್ರದ ಫಲಕ. ಬ್ರಿಗೇಡಿಯರ್‌ಗೆ ಒಂದು, ಮೇಜರ್ ಜನರಲ್‌ಗೆ ಎರಡು, ಜನರಲ್‌ಗೆ ನಾಲ್ಕು ನಕ್ಷತ್ರ. ಅವೂ ಹುದ್ದೆಯ ಜೊತೆಗೇ ಹೋಗುತ್ತವೆ. ಐದು ನಕ್ಷತ್ರದ ಫೀಲ್ಡ್ ಮಾರ್ಷಲ್ ಮಾತ್ರ ಇದಕ್ಕೆ ಹೊರತು, ಆ ಪದವಿಗೆ ನಿವೃತ್ತಿಯಿಲ್ಲ. ನೆರೆಯ ಕೊಡಗಿನ ಕೆ. ಎಂ. ಕಾರಿಯಪ್ಪನವರು 1953ರಲ್ಲಿ ಸೇನಾ ದಂಡನಾಯಕತ್ವ ಬಿಟ್ಟವರು. 1986ರಲ್ಲಿ ಅವರಿಗೆ ಆ ಪದವಿ ಬಂತು.

ಸಾಮಾನ್ಯ ಸಿಪಾಯಿಗೆ ಮರ್ಯಾದೆಗಿಂತ ಮುಖ್ಯವಾದದ್ದು ಅಲೆದಾಟದ ಕಷ್ಟ. ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ಊರಲ್ಲಿ ಬೈಕು ಕೊಂಡು ಆಜೀವ ತೆರಿಗೆ ಕಟ್ಟಿದವನು ರಾಜಸ್ಥಾನಕ್ಕೆ ವರ್ಗವಾದರೆ ಅಲ್ಲಿ ಮತ್ತೆ ತೆರಿಗೆ, ಇಲ್ಲಿಂದ ನಿರಾಕ್ಷೇಪಣಾ ಪತ್ರ, ಕಟ್ಟಿದ್ದರ ವಾಪಸಾತಿಗೆ ಅರ್ಜಿ. ಪುನಃ ವರ್ಗವಾದರೆ ಪುನಃ ಅದೇ ಪಾಡು. 2021ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ‘ಬಿಎಚ್’ ಸರಣಿ, ಅಂದರೆ ಭಾರತ್ ಸರಣಿ, ಈ ಗೋಜಲನ್ನು ಸಡಿಲಿಸಿತು. ರಾಜ್ಯದ ಅಕ್ಷರಗಳಿಲ್ಲದ ಈ ನಂಬರಿಗೆ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ವರ್ಗವಾದರೂ ನಂಬರು ಬದಲಿಸಬೇಕಿಲ್ಲ. ಆದರೆ ಇದು ಸೈನಿಕರಿಗಷ್ಟೇ ಮೀಸಲಲ್ಲ. ಸರ್ಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರಿಗೂ ಸಿಗುತ್ತದೆ.

ಮಾಜಿ ಸೈನಿಕರ ಹೆಸರಲ್ಲಿ ನಮ್ಮ ಗಾಡಿಗಳು ಏನನ್ನಾದರೂ ಧರಿಸುವುದಿದ್ದರೆ ಅದು ಡಿಸೆಂಬರ್ 7ರಂದು. 1949ರಿಂದ ನಡೆದುಬಂದ ಧ್ವಜ ದಿನಾಚರಣೆಯ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಬಾವುಟವನ್ನು ಕಾರಿಗೆ ಸಿಕ್ಕಿಸಲೆಂದೇ ಹಂಚುತ್ತಾರೆ. ಅದಕ್ಕೆ ಕೊಟ್ಟ ಹಣ ಮಾಜಿ ಸೈನಿಕರ ಮತ್ತು ಮಡಿದ ಯೋಧರ ಕುಟುಂಬಗಳ ನೆರವಿಗೆ ಸೇರುತ್ತದೆ.