ಮಾಡಿನ ಮೇಲಿನ ಅತಿಥಿ

ಹಳೆಯ ಹೆಂಚಿನ ಮನೆಗಳಲ್ಲಿರುವ ವಾಚಕರು ನಡುರಾತ್ರಿ ಮಾಡಿನ ಮೇಲೆ ದಡದಡ ಸದ್ದು ಕೇಳಿ ಕಳ್ಳನೆಂದು ಎದ್ದು ಕುಳಿತಿರಬಹುದು. ಎಷ್ಟೋ ಸಲ ಅದು ಮರಬೆಕ್ಕು. ಪುಣೆಯ ನೆರೆಯವರು ಇದನ್ನು ಊದಮಾಂಜರವೆನ್ನುತ್ತಾರೆ, ಚೆನ್ನೈಯವರು ಮರನಾಯಿಯೆನ್ನುತ್ತಾರೆ. ನಿಜಕ್ಕೆ ಬೆಕ್ಕೂ ಅಲ್ಲ, ನಾಯಿಯೂ ಅಲ್ಲ, ಪುನುಗಿನ ಕುಲದ್ದು.

ಹಗಲೆಲ್ಲ ಅಟ್ಟದ ಕತ್ತಲೆಯಲ್ಲಿ ನಿದ್ರೆ, ರಾತ್ರಿ ಸಂಚಾರ. ಮಾವು, ಪಪ್ಪಾಯಿ, ಸಪೋಟ ಎಂದರೆ ಪ್ರಾಣ. ಇಲಿಯನ್ನೂ ಹಿಡಿಯುತ್ತದೆಂಬ ಉಪಕಾರವನ್ನು ನಾವು ಮರೆಯಬಾರದು. ಮರಕ್ಕೆ ಕಟ್ಟಿದ ಮಡಕೆಯ ಹೆಂಡವನ್ನೂ ಬಿಡುವುದಿಲ್ಲವಂತೆ!

ಬೋನು, ವಿಷ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಮೇಲಾಗಿ ಅಟ್ಟದಲ್ಲಿ ಸತ್ತರೆ ನಾತವನ್ನು ಸಹಿಸಬೇಕಾದವರು ಮನೆಯವರೇ. ಮಾಡಿಗೆ ತಾಗುವ ಕೊಂಬೆ ಕಡಿಸಿ, ಬಿದ್ದ ಹಣ್ಣನ್ನೂ ಮುಸುರೆಯನ್ನೂ ರಾತ್ರಿ ಹೊರಗಿಡದಿದ್ದರೆ ಅರ್ಧ ಕೆಲಸ ಮುಗಿಯಿತು.

ಸಂದು ಮುಚ್ಚುವಾಗ ಮಾತ್ರ ಅವಸರ ಸಲ್ಲದು. ತಾಯಿ ಮೇಯಲು ಹೋದಾಗ ಹೆಂಚು ಸರಿಪಡಿಸಿದರೆ ಮರಿಗಳು ಒಳಗೇ ಹಸಿದು ಸಾಯುತ್ತವೆ. ತಾಯಿ ಮಾಡನ್ನೇ ಕಿತ್ತೀತು. ಮೊದಲು ಸಂದಿಗೆ ಹಳೆಯ ಪತ್ರಿಕೆಯನ್ನು ಮುದ್ದೆಮಾಡಿ ಸಡಿಲವಾಗಿ ತುರುಕಿರಿ. ಎರಡು ಮೂರು ರಾತ್ರಿ ಅದು ಅಲುಗದಿದ್ದು, ಒಳಗಿನಿಂದ ಕೀಚಲು ದನಿಯೂ ಬಾರದಿದ್ದರೆ ಗಟ್ಟಿ ತಂತಿಬಲೆ ಹೊಡೆಸಬಹುದು. ಮರಿಗಳಿದ್ದರೆ ಅವು ಬೆಳೆದು ತಾಯಿಯ ಹಿಂದೆ ಹೊರಡುವವರೆಗೆ ತಾಳಬೇಕು. ತಾಳಲಾಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿರಿ.

ಮಕ್ಕಳು ಮರಿಯನ್ನು ಮುದ್ದಿಸಲು ಹೋಗದಿರಲಿ. ಅಕಸ್ಮಾತ್ ಕಚ್ಚಿದರೆ ಗಾಯವನ್ನು ಸೋಪುನೀರಿನಿಂದ 15 ನಿಮಿಷ ತೊಳೆದು, ಹುಚ್ಚುನಾಯಿ ರೋಗದ ಚುಚ್ಚುಮದ್ದಿಗಾಗಿ ಆ ದಿನವೇ ಆಸ್ಪತ್ರೆಗೆ ಹೋಗಬೇಕು.