ನಿಂದಿತ ಶೃಂಗಾರ ಕಾದಂಬರಿಗಳೂ ಅವುಗಳ ವಾಚಕರೂ

ವಿದ್ವಾಂಸರು ಒಕ್ಕೊರಲಿನಿಂದ ಹಳಿದ ಗ್ರಂಥವನ್ನು ಲೋಕವು ಆದರದಿಂದ ಬರಮಾಡಿಕೊಳ್ಳುವುದು ಸಾಹಿತ್ಯಚರಿತ್ರೆಯಲ್ಲಿ ಅಪೂರ್ವವಾದ ಸಂಗತಿಯಲ್ಲ. ಆದರೆ ಇಂಗ್ಲಿಷಿನ ಶೃಂಗಾರ ಕಾದಂಬರಿಗಳ ವಿಷಯದಲ್ಲಿ ಈ ವೈಪರೀತ್ಯವು ನೂರು ವರ್ಷಗಳಿಗೂ ಮಿಕ್ಕಿ ಒಂದೇ ಸಮನಾಗಿ ನಡೆದುಬಂದಿದೆ. ೧೯೧೯ರಲ್ಲಿ ಹೊರಬಿದ್ದ ‘ದಿ ಶೇಖ್’ ಎಂಬ ಕಾದಂಬರಿಗೆ ಒದಗಿದ ಗತಿಯೇ ೨೦೧೧ರಲ್ಲಿ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಎಂಬುದಕ್ಕೂ ಒದಗಿತು: ಪತ್ರಿಕೆಗಳಲ್ಲಿ ಪರಿಹಾಸ, ಪುಸ್ತಕದಂಗಡಿಗಳಲ್ಲಿ ನೂಕುನುಗ್ಗಲು. ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರಗಳು ಎರಡು. ಓದುವವರಿಗೆ ಅಭಿರುಚಿಯಿಲ್ಲವೆಂಬುದು ಒಂದು. ಅವರು ಬಯಸುವುದು ಕಾಮೋದ್ದೀಪನವೊಂದನ್ನೇ ಎಂಬುದು ಇನ್ನೊಂದು.

ಎರಡರಲ್ಲಿಯೂ ಅಷ್ಟಿಷ್ಟು ಸತ್ಯಾಂಶವಿಲ್ಲದೆ ಇಲ್ಲ. ಆದರೆ ಕಾಮೋದ್ದೀಪನವೇ ಏಕಮಾತ್ರ ಗುರಿಯಾಗಿದ್ದ ಪಕ್ಷದಲ್ಲಿ ನಾನೂರು ಐನೂರು ಪುಟಗಳ ಸಂದೇಹ, ಮುನಿಸು, ವಿರಹ, ಕ್ಷಮಾಪಣೆಗಳನ್ನು ದಾಟಿಕೊಂಡು ಹೋಗುವ ಶ್ರಮವನ್ನು ಯಾರೂ ವಹಿಸುತ್ತಿರಲಿಲ್ಲ. ಅದಕ್ಕೆ ಹತ್ತಿರದ ದಾರಿಗಳು ಬೇಕಾದಷ್ಟಿವೆ. ಅಭಿರುಚಿಯೇ ಇಲ್ಲದಿದ್ದ ಪಕ್ಷದಲ್ಲಿ ಈ ಜಾತಿಯ ಕಾದಂಬರಿಗಳಲ್ಲಿಯೇ ಕೆಲವನ್ನು ಹತ್ತು ಸಲ ಓದಿ, ಮಿಕ್ಕವನ್ನು ಅರ್ಧಕ್ಕೇ ಬಿಸುಡುವುದು ಸಂಭವಿಸದು. ಈ ವಾಚಕರಿಗೂ ಒಂದು ಅಳತೆಗೋಲು ಇದೆ. ಅದು ವಿಮರ್ಶಕರ ಅಳತೆಗೋಲಲ್ಲವೆಂಬುದು ಮಾತ್ರ ದಿಟ. ಅದು ಯಾವುದೆಂಬುದನ್ನು ಮೊದಲು ವಿಚಾರಿಸಿ, ಅದು ನ್ಯಾಯವಾದುದೇ ಅಲ್ಲವೇ ಎಂಬುದನ್ನು ಆಮೇಲೆ ಹೇಳುವುದು ಯುಕ್ತವಾದ ಕ್ರಮ.

‘ದಿ ಶೇಖ್’ ಗ್ರಂಥಕರ್ತ್ರಿಯಾದ ಇ. ಎಂ. ಹಲ್ ಎಂಬಾಕೆ ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಗೃಹಿಣಿ. ಕಥೆ ಹೀಗಿದೆ. ಡಯಾನಾ ಮೇಯೋ ಎಂಬ ಶ್ರೀಮಂತ ಯುವತಿಯು ಗಂಡುಹುಡುಗನಂತೆ ಬೆಳೆದವಳು, ಮದುವೆಯನ್ನು ತಿರಸ್ಕರಿಸಿದವಳು. ಅಲ್ಜೀರಿಯದ ಬಿಸ್ಕ್ರಾ ಪಟ್ಟಣದಿಂದ ಮರುಭೂಮಿಯ ಸಂಚಾರಕ್ಕೆ ಹೊರಟ ಅವಳನ್ನು ಅಹಮದ್ ಬೆನ್ ಹಸನ್ ಎಂಬ ದಳಪತಿಯು ಅಪಹರಿಸಿ, ತನ್ನ ಡೇರೆಯಲ್ಲಿ ಸೆರೆಯಿಟ್ಟು, ಬಲಾತ್ಕರಿಸುವನು. ತಿಂಗಳುಗಳು ಕಳೆದ ಮೇಲೆ ತಪ್ಪಿಸಿಕೊಂಡು ಓಡಿ ಮತ್ತೆ ಸಿಕ್ಕಿಬಿದ್ದ ಗಳಿಗೆಯಲ್ಲಿ, ತಾನು ಅವನನ್ನು ಪ್ರೀತಿಸುತ್ತಿರುವೆನೆಂದು ಅವಳಿಗೆ ಹೊಳೆಯುವುದು. ಕಡೆಯಲ್ಲಿ ಅವನು ಅರಬನೇ ಅಲ್ಲ, ಆಂಗ್ಲ ಪ್ರಭುವೊಬ್ಬನ ಮಗನೆಂದು ತಿಳಿದುಬರುವುದು. ಓದುಗರ ವರ್ಣಾಭಿಮಾನವನ್ನು ನೋಯಿಸದಿರುವುದಕ್ಕಾಗಿ ಮಾಡಿದ ಈ ಉಪಾಯವು ಇಂದು ನಗೆ ತರಿಸುವಂತಿದೆ. ೧೯೨೧ರಲ್ಲಿ ರುಡಾಲ್ಫ್ ವ್ಯಾಲೆಂಟಿನೋ ನಟಿಸಿದ ಚಲಚ್ಚಿತ್ರವು ಇದರ ಕೀರ್ತಿಯನ್ನು ಇಮ್ಮಡಿಸಿತು.

ಇಂಥ ಗ್ರಂಥಗಳನ್ನು ಪಂಡಿತವರ್ಗದಲ್ಲಿ ಮೊದಲು ಗಂಭೀರವಾಗಿ ಪರಿಶೀಲಿಸಿದವರಲ್ಲಿ ಕ್ಯೂ. ಡಿ. ಲೀವಿಸ್ ಮುಖ್ಯಳು. ೧೯೩೨ರಲ್ಲಿ ಪ್ರಕಟವಾದ ‘ಫಿಕ್ಷನ್ ಅಂಡ್ ದಿ ರೀಡಿಂಗ್ ಪಬ್ಲಿಕ್’ ಎಂಬ ಗ್ರಂಥದಲ್ಲಿ ಆಕೆಯ ತೀರ್ಪು ಕಠಿನವಾದುದು: ಈ ಓದು ಹಗಲುಗನಸು, ಅಫೀಮಿನಂಥ ಚಟ, ಬಾಳಿನ ನಿಜವಾದ ಅನುಭವಕ್ಕೆ ಮನಸ್ಸನ್ನು ಅನರ್ಹಗೊಳಿಸುವಂಥದು. ಆದರೆ ಆಕೆಯ ಪ್ರಾಮಾಣಿಕತೆಯು ಮೆಚ್ಚತಕ್ಕದ್ದು. ಮರಿ ಕೊರೆಲಿ ಮೊದಲಾದ ಜನಪ್ರಿಯ ಲೇಖಕರ ಶೈಲಿ ಕೆಟ್ಟದ್ದು, ಭಾವ ಹುಸಿ, ಕಥೆ ಅಸಂಭಾವ್ಯವೆಂದು ಹೇಳಿದ ಮೇಲೆಯೂ, ಅವೆಲ್ಲವನ್ನೂ ಕೊಚ್ಚಿಕೊಂಡು ಹೋಗುವ ಒಂದು ಪ್ರಾಣಶಕ್ತಿ ಅವರಲ್ಲಿ ಉಂಟೆಂದೂ, ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ ಕಾದಂಬರಿಯಲ್ಲಿಯೂ ಅದೇ ಶಕ್ತಿ ಕೆಲಸಮಾಡುತ್ತಿದೆಯೆಂದೂ ಆಕೆ ಒಪ್ಪಿಕೊಂಡಳು. ಆ ಶಕ್ತಿ ಓದುಗರ ಮನಸ್ಸಿನಲ್ಲಿ ಯಾವ ರೀತಿ ಪ್ರವರ್ತಿಸುವುದೆಂಬ ಪ್ರಶ್ನೆಯನ್ನು ಮಾತ್ರ ಆಕೆ ಓದುಗರನ್ನೇ ಕಂಡು ಕೇಳಲು ಹೋಗಲಿಲ್ಲ.

ಈ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಒಂದು ಉಪಯುಕ್ತವಾದ ಪರಿಕಲ್ಪನೆ ದೊರೆಯುವುದು. ರತಿಯು ಉಭಯನಿಷ್ಠವಾಗಿದ್ದರೆ ಶೃಂಗಾರ. ಒಬ್ಬರಲ್ಲಿಯೇ ನಿಂತರೆ ಅದು ಶೃಂಗಾರಾಭಾಸ. ರಾವಣನಿಗೆ ಸೀತೆಯಲ್ಲಿ ಹುಟ್ಟಿದ ಅನುರಾಗವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಧ್ವನ್ಯಾಲೋಕಕ್ಕೆ ಬರೆದ ಲೋಚನವ್ಯಾಖ್ಯಾನದಲ್ಲಿ ಅಭಿನವಗುಪ್ತನು ಈ ಸಂದರ್ಭದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದಾನೆ. ತನ್ಮಯನಾಗಿ ಕೇಳುತ್ತಿರುವಾಗ ರಾವಣನ ಮಾತು ರತಿಯೆಂದೇ ತೋರುವುದು; ಅದು ಆಭಾಸವೆಂಬುದು ಅನಂತರದ ವಿಚಾರದಿಂದ ತಿಳಿದುಬರುವುದು; ಆಗ ಅದು ಹಾಸ್ಯಕ್ಕೆ ಎಡೆಗೊಡುವುದು. ಕಪ್ಪೆಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡಂತೆ: ಮೊದಲು ಬೆಳ್ಳಿ, ಆಮೇಲೆ ಚಿಪ್ಪು.

ಶೃಂಗಾರ ಕಾದಂಬರಿಯು ಈ ಕ್ರಮವನ್ನು ತಲೆಕೆಳಗು ಮಾಡುವುದು. ಮೊದಲ ಭಾಗದಲ್ಲಿ ನಾಯಕನು ಕ್ರೂರಿ, ಉದಾಸೀನ, ಅಪಮಾನ ಮಾಡತಕ್ಕವನು; ಅಲ್ಲಿರುವುದು ಆಭಾಸ ಮಾತ್ರ. ಕಡೆಯ ಭಾಗದಲ್ಲಿ ಅವನು ತನ್ನ ಅನುರಾಗವನ್ನು ಬಾಯಿಬಿಟ್ಟು ಹೇಳಿದಾಗ ಹಿಂದೆ ನಡೆದುದೆಲ್ಲವೂ ಬೇರೊಂದು ಅರ್ಥವನ್ನು ತಾಳುವುದು. ಅವನ ಕೋಪವು ಈರ್ಷ್ಯೆಯಾಗಿತ್ತು, ಮೌನವು ಭಯವಾಗಿತ್ತು, ತಿರಸ್ಕಾರವು ಹಳೆಯ ಗಾಯವೊಂದರ ನೋವಾಗಿತ್ತು. ಚಿಪ್ಪೆಂದು ಕಂಡದ್ದು ಬೆಳ್ಳಿಯೇ ಆಗಿತ್ತು! ಹಿಂದಿನ ಪುಟಗಳೆಲ್ಲವೂ ಹೀಗೆ ಒಮ್ಮೆಗೇ ಹೊಸದಾಗುವುದರಲ್ಲಿಯೇ ಈ ಕಾದಂಬರಿಗಳ ಮುಖ್ಯವಾದ ಆನಂದವಿದೆ. ವಿಮರ್ಶಕನಾದರೋ ಆ ಮಾರ್ಪಾಟನ್ನು ನಂಬದೆ ಚಿಪ್ಪನ್ನು ಚಿಪ್ಪೆಂದೇ ನೋಡುವನು. ಆದಕಾರಣವೇ ಅವನಿಗೆ ನಗೆ ಬರುವುದು.

ಓದುಗರನ್ನೇ ಕೇಳಿ ತಿಳಿಯುವ ಕೆಲಸವು ನಡೆದದ್ದು ಬಹುಕಾಲದ ಮೇಲೆ. ಅಮೆರಿಕದ ಜ್ಯಾನಿಸ್ ರ್ಯಾಡ್‌ವೇ ಎಂಬ ವಿದುಷಿಯು ಆ ದೇಶದ ನಡುಭಾಗದ ಊರೊಂದರಲ್ಲಿ ಪುಸ್ತಕದಂಗಡಿಯೊಂದಕ್ಕೆ ಬರುತ್ತಿದ್ದ ಸುಮಾರು ೪೦ ಮಂದಿ ಸ್ತ್ರೀಯರನ್ನು ಪ್ರಶ್ನಿಸಿ, ೧೯೮೪ರಲ್ಲಿ ‘ರೀಡಿಂಗ್ ದಿ ರೊಮಾನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದಳು. ಊರಿಗೆ ಸ್ಮಿತ್‌ಟನ್ ಎಂಬ ಕಲ್ಪಿತನಾಮವನ್ನು ಕೊಟ್ಟಿದ್ದಾಳೆ. ಅಂಗಡಿಯಲ್ಲಿ ಕೆಲಸಮಾಡುತ್ತಿದ್ದಾಕೆಯೊಬ್ಬಳು ಹೊಸ ಕಾದಂಬರಿಗಳ ಗುಣದೋಷಗಳನ್ನು ಬರೆದು ಗಿರಾಕಿಗಳಿಗೆ ಹಂಚುತ್ತಿದ್ದಳು. ಅಂದರೆ ಆ ವಾಚಕವರ್ಗಕ್ಕೆ ತನ್ನದೇ ಆದ ವಿಮರ್ಶೆಯೂ ಇತ್ತು. ಓದಿನಿಂದ ನಿಮಗಾಗುವ ಲಾಭವೇನೆಂಬ ಪ್ರಶ್ನೆಗೆ ಆ ಸ್ತ್ರೀಯರು ಕಥೆಯ ವಿಷಯವನ್ನು ಮೊದಲು ಎತ್ತಲಿಲ್ಲ, ಓದುವ ಹೊತ್ತಿನ ವಿಷಯವನ್ನು ಎತ್ತಿದರು. ಗಂಡ, ಮಕ್ಕಳು, ಅಡುಗೆ, ಬಟ್ಟೆ ಎಂದು ದಿನವೆಲ್ಲ ಇನ್ನೊಬ್ಬರಿಗಾಗಿ ದುಡಿಯುವವರಿಗೆ ಪುಸ್ತಕವು ತಮ್ಮದೇ ಆದ ಒಂದು ಗಂಟೆಯನ್ನು ಒದಗಿಸಿಕೊಡುತ್ತಿತ್ತು. ಎಲ್ಲರನ್ನೂ ಆರೈಕೆ ಮಾಡುವವಳನ್ನು ಆರೈಕೆ ಮಾಡತಕ್ಕವರು ಮನೆಯಲ್ಲಿ ಯಾರೂ ಇರಲಿಲ್ಲ. ಕಥೆಯಲ್ಲಿ ನಾಯಕನು ಕಡೆಗೆ ಕೊಡುವುದು ಅದನ್ನೇ. ಕಠೋರನಾಗಿದ್ದವನು ತಾಯಿಯಂತೆ ಮೃದುವಾಗುವನು. ಶೃಂಗಾರದ ಹೊದಿಕೆಯ ಕೆಳಗೆ ಇರುವ ಬಯಕೆಯು ವಾತ್ಸಲ್ಯಕ್ಕೆ ಸಮೀಪವಾದುದೆಂಬ ರ್ಯಾಡ್‌ವೇಯ ಅಭಿಪ್ರಾಯವು ಇಡೀ ಗ್ರಂಥದಲ್ಲಿ ಅತ್ಯಂತ ಬೆಲೆಯುಳ್ಳದ್ದು.

ಆ ವಾಚಕಿಯರಲ್ಲಿ ಹಲವರು ಹೊಸ ಪುಸ್ತಕವನ್ನು ಕೊಳ್ಳುವ ಮೊದಲು ಕೊನೆಯ ಪುಟಗಳನ್ನು ತಿರುವಿ ನೋಡುತ್ತಿದ್ದರು. ಇದು ಕಥೆಯನ್ನು ಕೆಡಿಸಿಕೊಳ್ಳುವ ಅವಿವೇಕವೆಂದು ಹೊರಗಿನವರಿಗೆ ತೋರಬಹುದು. ರಾತ್ರಿಯೆಲ್ಲ ಕುಳಿತು ಕೀಚಕವಧೆಯ ಬಯಲಾಟವನ್ನು ನೋಡುವವನಿಗೆ ಕೀಚಕನು ಬೆಳಗಾಗುವುದರೊಳಗೆ ಸಾಯುವನೆಂಬುದು ಗೊತ್ತಿಲ್ಲವೇ? ಗೊತ್ತಿರುವುದರಿಂದಲೇ ಅವನು ಸೈರಂಧ್ರಿಯ ಸಂಕಟವನ್ನು ಕಣ್ಣುಮುಚ್ಚದೆ ನೋಡಬಲ್ಲನು. ಸುಖಾಂತವು ನಿಶ್ಚಯವಾದ ಮೇಲೆ ಭಯ, ಅಪಮಾನ, ಕಾಮ ಇವುಗಳ ಸಮೀಪಕ್ಕೆ ಹೋಗಿಬರಲು ಅಂಜಿಕೆಯಿಲ್ಲ. ೧೯೮೨ರಲ್ಲಿ ಟಾನಿಯಾ ಮಾಡ್‌ಲೆಸ್ಕಿಯು ‘ಲವಿಂಗ್ ವಿತ್ ಎ ವೆಂಜೆನ್ಸ್’ ಎಂಬ ಗ್ರಂಥದಲ್ಲಿ ಇದಕ್ಕೆ ಹೊಂದುವ ಮಾತನ್ನೇ ಹೇಳಿದ್ದಳು: ನಾಯಿಕೆಗೆ ತಿಳಿಯದುದು ವಾಚಕಿಗೆ ತಿಳಿದಿರುತ್ತದೆ; ಗರ್ವಿಷ್ಠನು ಒಳಗೊಳಗೇ ಬೇಯುತ್ತಿರುವನೆಂಬ ಅರಿವಿನಲ್ಲಿ ಒಂದು ಬಗೆಯ ಸೇಡಿನ ಸುಖವೂ ಬೆರೆತಿದೆ.

ಇನ್ನು ಶೈಲಿಯ ಮಾತು. ವಿಮರ್ಶಕರ ಬಾಣಗಳೆಲ್ಲ ಹೆಚ್ಚಾಗಿ ಇದರ ಮೇಲೆಯೇ ಬಿದ್ದಿವೆ. ಇವುಗಳ ಭಾಷೆ ಚರ್ವಿತಚರ್ವಣ, ಉಪಮಾನಗಳು ಸವೆದ ನಾಣ್ಯಗಳು, ನಾಯಿಕೆ ಪುಟಪುಟಕ್ಕೂ ನಾಚಿ ಕೆಂಪಾಗಿ ತುಟಿಯನ್ನು ಕಚ್ಚಿಕೊಳ್ಳುವಳು. ಆಕ್ಷೇಪಣೆಯು ಸತ್ಯ. ಆದರೆ ಸವೆದ ನಾಣ್ಯವು ಕೈಯಿಂದ ಕೈಗೆ ಬೇಗ ಹೋಗುವುದೆಂಬುದೂ ಸತ್ಯ. ಪರಿಚಿತವಾದ ಮಾತು ಓದುಗನನ್ನು ವಾಕ್ಯದ ಹತ್ತಿರ ನಿಲ್ಲಿಸದೆ ಭಾವದ ಕಡೆಗೆ ದೂಡುವುದು. ಮಧ್ಯೆ ಮಧ್ಯೆ ಎದ್ದು ಒಲೆಯ ಮೇಲಿನ ಹಾಲನ್ನು ನೋಡಿಬರಬೇಕಾದವಳಿಗೆ ಬಿಟ್ಟ ಸ್ಥಳದಿಂದ ಮತ್ತೆ ಹಿಡಿಯಲು ಇಂಥ ಗದ್ಯವೇ ಅನುಕೂಲ. ಇದರಿಂದ ಗದ್ಯವು ಒಳ್ಳೆಯದಾಗಲಿಲ್ಲ. ಅದು ಕೆಟ್ಟದ್ದಾಗಿದ್ದರೂ ಓದು ಏಕೆ ಕೆಡುವುದಿಲ್ಲವೆಂಬುದು ಮಾತ್ರ ತಿಳಿಯಿತು. ‘ಜೇನ್ ಏರ್’ ಒಳ್ಳೆಯ ಗದ್ಯದಲ್ಲಿಯೇ ಇದೇ ಕಾರ್ಯವನ್ನು ಸಾಧಿಸಿರುವಾಗ, ಕೆಟ್ಟ ಗದ್ಯವು ಈ ಆನಂದಕ್ಕೆ ಅವಶ್ಯಕವೆಂದು ವಾದಿಸುವುದು ವಕೀಲಿತನವಾದೀತು.

ಇವೆಲ್ಲಕ್ಕಿಂತ ಗಹನವಾದ ತೊಡಕು ಬೇರೊಂದಿದೆ. ೧೯೭೨ರಲ್ಲಿ ಕ್ಯಾಥ್ಲೀನ್ ವುಡಿವಿಸ್ ಬರೆದ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ ಅಮೆರಿಕದಲ್ಲಿ ದೀರ್ಘವಾದ ಶೃಂಗಾರ ಕಾದಂಬರಿಗಳ ಹೊಸ ಪರಂಪರೆಯನ್ನೇ ಆರಂಭಿಸಿತು. ಏವನ್ ಎಂಬ ಪ್ರಕಾಶನಸಂಸ್ಥೆಯು ಅದನ್ನು ನೇರವಾಗಿ ಅಗ್ಗದ ಕಾಗದದ ರಟ್ಟಿನಲ್ಲಿಯೇ ಅಚ್ಚುಹಾಕಿತು. ಅದರಲ್ಲಿ ನಾಯಕನು ನಾಯಿಕೆಯನ್ನು ವೇಶ್ಯೆಯೆಂದು ತಪ್ಪಾಗಿ ತಿಳಿದು ಬಲಾತ್ಕರಿಸುವನು. ಅನಂತರ ಅವರ ವಿವಾಹ, ಬಹಳ ತಡವಾಗಿ ಅನುರಾಗ. ಸ್ಮಿತ್‌ಟನ್ನಿನ ಸ್ತ್ರೀಯರು ಕಾದಂಬರಿಯಲ್ಲಿ ಎಂದಿಗೂ ಇರಕೂಡದ ಸಂಗತಿಗಳಲ್ಲಿ ಬಲಾತ್ಕಾರವನ್ನೂ ದುಃಖಾಂತವನ್ನೂ ಮುಂದಾಗಿ ಹೇಳಿದರು. ಅದೇ ಸ್ತ್ರೀಯರು ತಮಗೆ ಅತ್ಯಂತ ಪ್ರಿಯರಾದ ಲೇಖಕಿಯರ ಸಾಲಿನಲ್ಲಿ ವುಡಿವಿಸ್ಸಳನ್ನು ಹೆಸರಿಸಿದರು. ಈ ವಿರೋಧವನ್ನು ರ್ಯಾಡ್‌ವೇ ಮುಚ್ಚಿಡಲಿಲ್ಲ. ನೋಯಿಸಬೇಕೆಂಬ ಇಚ್ಛೆಯಿಂದ ಆದ ಹಿಂಸೆಯನ್ನು ಅವರು ಕ್ಷಮಿಸುತ್ತಿರಲಿಲ್ಲ. ತಪ್ಪುಗ್ರಹಿಕೆಯಿಂದಲೋ ತಡೆಯಲಾರದ ಅನುರಾಗದಿಂದಲೋ ಆಯಿತೆಂದು ಅರ್ಥೈಸಬಹುದಾದುದನ್ನು ಕ್ಷಮಿಸುತ್ತಿದ್ದರು.

ಚಿಪ್ಪನ್ನು ಬೆಳ್ಳಿಯಾಗಿ ಮಾಡುವ ಕೌಶಲವು ಅಪಾಯಕರವಾಗುವುದು ಇಲ್ಲಿಯೇ. ಕಠೋರವಾದ ಮಾತನ್ನು ಮುಂದೆ ಅನುರಾಗವೆಂದು ಓದಿಕೊಳ್ಳಬಹುದು; ದೇಹದ ಮೇಲೆ ನಡೆದ ಬಲಾತ್ಕಾರವನ್ನು ಯಾವ ಉತ್ತರಾರ್ಧವೂ ಅಳಿಸಲಾರದು. ಕಥೆಯಲ್ಲಿ ಗಂಡನ ಕ್ರೌರ್ಯವನ್ನು ಪ್ರೀತಿಯೆಂದು ಓದಲು ಕಲಿತವಳು ಮನೆಯಲ್ಲಿಯೂ ಹಾಗೆಯೇ ಓದಿಕೊಂಡು ಸಹಿಸುವಳೆಂಬ ಭಯವನ್ನು ರ್ಯಾಡ್‌ವೇಯೂ ಅಲ್ಲಗಳೆಯಲಿಲ್ಲ. ಆದರೆ ಆ ಭಯವು ಕಥೆಯಿಂದ ಹುಟ್ಟಿದುದಲ್ಲ. ಅದು ಆ ಸ್ತ್ರೀಯರ ಬಾಳಿನಲ್ಲಿ ಮೊದಲೇ ಇತ್ತು. ಕ್ರೌರ್ಯದ ಹಿಂದೆ ಏನಾದರೂ ಅರ್ಥವಿದ್ದರೆ ಸಾಕೆಂಬ ಹಂಬಲವುಳ್ಳವರಿಗೆ ಕಥೆಯು ಆ ಅರ್ಥವನ್ನು ಒದಗಿಸಿಕೊಟ್ಟಿತು. ಅಭಿರುಚಿಯ ದೋಷವೆಂದು ಇದನ್ನು ತಳ್ಳಿಹಾಕಿದವರು ಆ ಹಂಬಲವನ್ನು ಕಾಣಲೇ ಇಲ್ಲ. ಮುಂದಿನ ದಶಕಗಳಲ್ಲಿ ಓದುಗರೇ ಒತ್ತಾಯಿಸಿದ ಕಾರಣದಿಂದ ಬಲಾತ್ಕಾರದ ಪ್ರಸಂಗವು ಈ ಕಾದಂಬರಿಗಳಿಂದ ಬಹುಮಟ್ಟಿಗೆ ಮರೆಯಾಯಿತು.

‘ಫಿಫ್ಟಿ ಶೇಡ್ಸ್’ ಬಂದದ್ದು ಆಮೇಲೆ. ಲಂಡನ್ನಿನಲ್ಲಿ ದೂರದರ್ಶನದ ಉದ್ಯೋಗದಲ್ಲಿದ್ದ ಇ. ಎಲ್. ಜೇಮ್ಸ್ ಎಂಬಾಕೆ ಸ್ಟೆಫನಿ ಮೇಯರಳ ‘ಟ್ವೈಲೈಟ್’ ಕಥೆಗಳ ಅಭಿಮಾನಿಯಾಗಿ, ಅವುಗಳ ಪಾತ್ರಗಳನ್ನೇ ಹಿಡಿದು ಬರೆದ ಬರಹವು ಇದಕ್ಕೆ ಮೂಲ. ೨೦೧೧ರಲ್ಲಿ ಆಸ್ಟ್ರೇಲಿಯದ ಸಣ್ಣ ಸಂಸ್ಥೆಯೊಂದು ಪ್ರಕಟಿಸಿದ ಈ ಗ್ರಂಥವನ್ನು ೨೦೧೨ರಲ್ಲಿ ವಿಂಟೇಜ್ ಸಂಸ್ಥೆಯು ವಹಿಸಿಕೊಂಡಿತು. ಮೂರು ಸಂಪುಟಗಳೂ ಸೇರಿ ೨೦೧೪ರ ವೇಳೆಗೆ ೧೦ ಕೋಟಿಗೂ ಹೆಚ್ಚು ಪ್ರತಿಗಳು ಮಾರಿಹೋದುವು. ಮೊದಮೊದಲು ಇದು ಇ-ಪುಸ್ತಕದ ರೂಪದಲ್ಲಿ ಹೆಚ್ಚಾಗಿ ಹರಡಿತು. ರಟ್ಟು ಕಾಣದ ಪುಸ್ತಕವನ್ನು ರೈಲಿನಲ್ಲಿ ಎದುರಿಗೆ ಕುಳಿತವನಿಗೆ ಹೆದರದೆ ಓದಬಹುದಷ್ಟೆ. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಬ್ರೆವರ್ಡ್ ಎಂಬಲ್ಲಿಯ ಸಾರ್ವಜನಿಕ ಗ್ರಂಥಾಲಯಗಳು ೨೦೧೨ರಲ್ಲಿ ಇದನ್ನು ಕಪಾಟಿನಿಂದ ತೆಗೆದು, ಓದುಗರ ಪ್ರತಿಭಟನೆಯಿಂದ ಕೆಲವು ವಾರಗಳಲ್ಲಿಯೇ ಮರಳಿ ಇಟ್ಟುವು. ನಗುವುದಕ್ಕಾಗಿಯೇ ಓದಿದವರೂ, ಗೆಳತಿಯರ ಮಾತಿನಲ್ಲಿ ಭಾಗವಹಿಸುವುದಕ್ಕಾಗಿ ಓದಿದವರೂ ಇದ್ದರು. ಶೈಲಿಯನ್ನು ಹಾಸ್ಯಮಾಡುತ್ತಲೇ ಮೂರು ಸಂಪುಟಗಳನ್ನೂ ಮುಗಿಸಿದವರು ಕಡಮೆಯಲ್ಲ.

ಜೆರೂಸಲೇಮಿನ ಸಮಾಜಶಾಸ್ತ್ರಜ್ಞೆ ಇವಾ ಇಲೂಜ್ ೨೦೧೪ರಲ್ಲಿ ಈ ಗ್ರಂಥಕ್ಕಾಗಿಯೇ ‘ಹಾರ್ಡ್-ಕೋರ್ ರೊಮಾನ್ಸ್’ ಎಂಬ ಪ್ರಬಂಧವನ್ನು ಬರೆದಳು. ಇಂದಿನ ಪ್ರಣಯದಲ್ಲಿ ಯಾರು ಯಾರಿಗೆ ಎಷ್ಟು ಋಣಿಯೆಂಬುದು ಸ್ಪಷ್ಟವಿಲ್ಲ. ನಾಯಕನು ಮುಂದಿಡುವ ದಂಡನೆ ಮತ್ತು ಅಧೀನತೆಯ ಕರಾರು ಆ ಅಸ್ಪಷ್ಟತೆಯನ್ನು ಕಾಗದದ ಮೇಲೆ ಪರಿಹರಿಸುವುದು. ಓದುಗರು ಇದನ್ನು ದಾಂಪತ್ಯದ ಕೈಪಿಡಿಯಂತೆಯೂ ಬಳಸಿದರು ಎಂಬುದು ಆಕೆಯ ವಾದ. ಅಂಥ ಕ್ರೀಡೆಯನ್ನು ನಿಜವಾಗಿ ಅಭ್ಯಾಸಮಾಡುವವರು ಗ್ರಂಥವು ತಮ್ಮನ್ನು ತಪ್ಪಾಗಿ ಚಿತ್ರಿಸಿದೆಯೆಂದು ಆಕ್ಷೇಪಿಸಿದುದುಂಟು. ಅದು ಸರಿಯಾದ ಆಕ್ಷೇಪಣೆಯೇ. ಆದರೆ ವಾಚಕಿಯರನ್ನು ಹಿಡಿದಿಟ್ಟದ್ದು ಆ ಕ್ರೀಡೆಗಿಂತಲೂ ಹೆಚ್ಚಾಗಿ ಕರಾರಿನ ಮೇಲೆ ನಡೆಯುವ ಚೌಕಾಶಿ. ಡಯಾನಾ ಮೇಯೋವನ್ನು ಯಾರೂ ಏನನ್ನೂ ಕೇಳಲಿಲ್ಲ. ಅನಸ್ತೇಸಿಯಾ ಸ್ಟೀಲಳ ಮುಂದೆ ಕಾಗದವನ್ನು ಇಟ್ಟು, ಯಾವುದು ಸಮ್ಮತ ಯಾವುದು ಅಸಮ್ಮತ ಎಂದು ಕಲಮು ಕಲಮಾಗಿ ಕೇಳಲಾಗುವುದು. ಅವಳು ಕೆಲವು ಕಲಮುಗಳನ್ನು ಹೊಡೆದುಹಾಕಿಸುವಳು, ಕೆಲವನ್ನು ಮುಂದೂಡುವಳು. ಕಡೆಗೂ ಅದಕ್ಕೆ ರುಜು ಹಾಕುವುದೇ ಇಲ್ಲ. ಮೊದಲನೆಯ ಸಂಪುಟವು ಅವಳು ಅವನನ್ನು ಬಿಟ್ಟು ಹೊರಡುವುದರೊಂದಿಗೆ ಮುಗಿಯುವುದು.